ಬೂದಿಯ ಮೇಲಿನ ಒಲೆ

ಪ್ರೀತಿಯ ಅಣ್ಣ,

ಈ ಪತ್ರವನ್ನು ನೀನು ನಿಂತುಕೊಂಡೇ ಓದುತ್ತೀ ಎಂದು ನನಗೆ ಗೊತ್ತು. ಕೂತುಕೋ. ಬೆಳಿಗ್ಗೆ ತಾನೇ ಫೋನಿನಲ್ಲಿ ಮಾತಾಡಿದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ನಾನು ಶುರು ಮಾಡುವಷ್ಟರಲ್ಲಿ "ಆಯ್ತಮ್ಮ, ಆಮೇಲೆ ನೋಡೋಣ" ಎಂದು ಇಟ್ಟುಬಿಡುತ್ತೀ. ನಿನ್ನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆಗೆ ಎರಡು ಸಲ ಗೋಂದು ಹಚ್ಚಿದ್ದೇನೆ, ಅಂಟು ಬಿಟ್ಟಿದ್ದರೆ ನನಗೆ ತಿಳಿಸು.

ನೀನು ನಡೆಸುವ ಉತ್ಖನನದಲ್ಲಿ ಮಡಕೆ ಚೂರು ನೋಡುವವಳು ನಾನಾದ್ದರಿಂದ, ಸೋಮವಾರ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ನಿಲ್ಲಿಸುವ ಫಲಕಕ್ಕೆ ನನ್ನ ಒಪ್ಪಿಗೆಯೂ ಬೇಕು ಎಂದಿದ್ದೀಯ. ಏಳು ನೂರು ವರ್ಷಗಳ ಹಿಂದೆ ದಂಡೆತ್ತಿ ಬಂದವರು ಈ ಊರನ್ನು ಸುಟ್ಟರು, ಇಲ್ಲಿದ್ದವರು ಅಂದೇ ನಾಶವಾದರು, ಕೋಟೆಯ ಕೆಳಗಿನ ಬೀದಿಯಲ್ಲಿ ಈಗ ಇರುವವರು ಗೆದ್ದವರ ಬೆನ್ನಿಗೆ ಬಂದವರ ಸಂತತಿ ಎಂದು ಅದರಲ್ಲಿ ಬರೆಸುತ್ತೀಯಂತೆ. ಹದಿನೈದು ವರ್ಷಗಳಿಂದ ನೀನು ಇದನ್ನೇ ಹೇಳುತ್ತಾ ಬಂದಿದ್ದೀಯ, ಪುಸ್ತಕವೂ ಆಗಿದೆ. ಕೆಳಬೀದಿಯನ್ನು ತೆರವು ಮಾಡಿ ಅಲ್ಲಿ ವಾಹನ ನಿಲ್ಲಿಸುವ ಜಾಗ ಮಾಡಬೇಕೆಂದು ನಗರಸಭೆಯವರು ಓಡಾಡುತ್ತಿರುವಾಗಲೇ ಈ ಫಲಕ ಏಳುತ್ತಿದೆ. ಇದು ಬರೀ ಕಾಕತಾಳೀಯ ಎಂದು ನಂಬುವಷ್ಟು ಒಳ್ಳೆಯ ಮನಸ್ಸು ನನ್ನದಲ್ಲ.

ಮೊನ್ನೆ ಬಟ್ಟೆ ತರಲು ಹೋದಾಗ ಕೆಳಬೀದಿಯ ಇಸ್ತ್ರಿಯಾಕೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೇಳಿದಳು: "ಮೇಡಂ, ನಾವು ಎಲ್ಲಿಂದಲೋ ಬಂದೋರು ಅಂತ ಬೋರ್ಡಲ್ಲಿ ಬರೀತೀರಂತೆ. ಎಲ್ಲಿಂದ ಅಂತಲೂ ಬರೆದುಬಿಡಿ, ಅಲ್ಲಿಗೇ ಹೋಗಿ ಮನೆ ಕೇಳ್ತೀವಿ." ನಗುತ್ತಲೇ ಹೇಳಿದಳು. ನಾನು ಬಟ್ಟೆ ತೆಗೆದುಕೊಂಡು ತಲೆ ತಗ್ಗಿಸಿ ಬಂದೆ.

ನನ್ನದು ಸಂಶಯದ ಬುದ್ಧಿ, ಒಪ್ಪುತ್ತೇನೆ. ಹಾಲಿನವನು ಅಳತೆ ಸರಿಯಾಗಿ ಕೊಟ್ಟರೆ ಇವತ್ತು ಯಾಕೆ ಸರಿಯಾಗಿ ಕೊಟ್ಟ ಎಂದು ಯೋಚಿಸುವವಳು ನಾನು. ನೀನು ಚಿಕ್ಕಂದಿನಲ್ಲಿ ನನ್ನನ್ನು ಪತ್ತೇದಾರಮ್ಮ ಎಂದು ಕರೆದು ಅಳಿಸುತ್ತಿದ್ದೆ. ಆದರೆ ನೀನೇ ಹೇಳು. ನನಗಿಂತ ಮೊದಲು ಇಲ್ಲಿ ಮಡಕೆ ಚೂರುಗಳನ್ನು ನೋಡುತ್ತಿದ್ದಾಕೆ ಕೆಲಸದ ನಡುವೆಯೇ ಗಂಟುಮೂಟೆ ಕಟ್ಟಿದಳು. ಯಾಕೆ ಎಂದರೆ "ಅವಳಿಗೆ ಧೂಳು ಆಗ್ತಿರ್ಲಿಲ್ಲ ಪಾಪ" ಎಂದೆ. ಧೂಳು ಆಗದವಳು ಇಪ್ಪತ್ತು ವರ್ಷ ಉತ್ಖನನದಲ್ಲಿ ಏನು ಮಾಡುತ್ತಿದ್ದಳು?

ಬಂದ ಮೊದಲ ವಾರವೇ ಉಗ್ರಾಣದ ಪೆಟ್ಟಿಗೆಗಳನ್ನು ಸುರಿದುಕೊಂಡು ಕೂತೆ. ಊರು ಸುಟ್ಟಾಗಿನ ಬೂದಿ ಪದರದ ಕೆಳಗಿನ, ಅಂದರೆ ಯುದ್ಧಕ್ಕೆ ಮುಂಚಿನ ಪೆಟ್ಟಿಗೆಗಳಲ್ಲಿ ಅಡುಗೆ ಮಡಕೆಗಳ ಚೂರು ರಾಶಿ ರಾಶಿ. ಬೂದಿಯ ಮೇಲಿನ ಪೆಟ್ಟಿಗೆಗಳಲ್ಲಿ ಬರೀ ಗಾಜಿನ ಹೊಳಪಿನ ಹಸಿರು ಬಟ್ಟಲುಗಳು, ಅಡುಗೆಯದ್ದು ಒಂದು ಚೂರೂ ಇಲ್ಲ. ನೋಡು, ಹಳಬರು ಹೋದರು, ಹೊಸಬರು ಬಂದರು ಎಂದು ನೀನು ಕೈ ತೋರಿಸುವುದು ಇದನ್ನೇ. ಗೆದ್ದವರು ಒಲೆ ಹಚ್ಚದೆ ಖಾಲಿ ಬಟ್ಟಲು ನೆಕ್ಕಿಕೊಂಡು ಬದುಕಿದರೇ ಎಂದು ಯಾರೂ ಕೇಳಿರಲಿಲ್ಲ.

ಆಮೇಲೆ ಕೆಳಗಿನ ಪೆಟ್ಟಿಗೆಯ ಚೂರುಗಳನ್ನು ಒಂದೊಂದಾಗಿ ಮಗುಚಿದೆ. ಪ್ರತಿ ಚೂರಿನ ಬೆನ್ನಿಗೂ ಅದು ಸಿಕ್ಕ ಪದರದ ಸಂಖ್ಯೆಯನ್ನು ಶಾಯಿಯಲ್ಲಿ ಬರೆದಿರುತ್ತೇವಲ್ಲ, ಅರ್ಧಕ್ಕರ್ಧ ಚೂರುಗಳ ಮೇಲೆ ಮೇಲಿನ ಪದರದ ಸಂಖ್ಯೆ ಇತ್ತು. ಚೂರು ತೊಳೆಯುವಾಕೆಯನ್ನು ಕೇಳಿದೆ. ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದುತ್ತಾ ಸಹಜವಾಗಿ ಹೇಳಿದಳು: "ಮೇಲಿನ ಚೀಲದಲ್ಲಿ ಮಸಿ ಹಿಡಿದಿದ್ದು ಬಂದ್ರೆ ಕೆಳಗಿನ ಪೆಟ್ಟಿಗೆಗೆ ಹಾಕು ಅಂತ ಸಾರ್ ಮೊದಲಿಂದಲೂ ಹೇಳಿದಾರಲ್ಲ." ನಿನ್ನನ್ನು ಕೇಳಿದರೆ, ಅವೆಲ್ಲ ಊರು ಸುಟ್ಟಾಗ ಕರಿದಾದ ಚೂರುಗಳು, "ಹೆಗ್ಗಣ ಬಿಲ ತೋಡಿ ಕೆಳಗಿಂದು ಮೇಲೆ ತಂದಿರ್ತವೆ ಕಣೇ" ಎಂದೆ. ಅಷ್ಟೊಂದು ಮಡಕೆ ಹೊರಬೇಕಾದರೆ ಆ ಹೆಗ್ಗಣಗಳಿಗೆ ಸಂಬಳ ಕೊಟ್ಟಿರಬೇಕು ಅಣ್ಣ.

ಅಮ್ಮನ ಅಡುಗೆಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯಲಿಲ್ಲವೇ ಎಂದು ನನಗೆ ಸಿಟ್ಟು ಬರುತ್ತದೆ. ಮನೆ ಹೊತ್ತಿ ಉರಿದು ಒಳಗಿನ ಮಡಕೆ ಒಡೆದು ಬಿದ್ದರೆ ಒಡೆದ ಅಂಚೂ ಕರಿದಾಗುತ್ತದೆ, ಒಳಗೂ ಹೊರಗೂ ಸುಟ್ಟ ಗುರುತಿರುತ್ತದೆ. ಈ ಚೂರುಗಳಲ್ಲಿ ಮಸಿ ಇರುವುದು ಹೊರಗಡೆ, ತಳಕ್ಕೆ ಮಾತ್ರ. ಒಡೆದ ಅಂಚು ಕೆಂಪಗೆ ಸ್ವಚ್ಛವಾಗಿದೆ. ದಿನಾ ಒಲೆಯ ಮೇಲೆ ಕೂತು ಹಿಡಿದ ಮಸಿ ಅದು. ದಂಡಿನ ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ.

ಸಂಖ್ಯೆ ನೋಡಿ ಅವನ್ನು ಮತ್ತೆ ಮೇಲಿನ ಪೆಟ್ಟಿಗೆಗೆ ಹಾಕಿದ ಮೇಲೆ ಊರಿನ ಕಥೆಯೇ ಬೇರೆಯಾಯಿತು. ಮಡಕೆಯ ಬಾಯಿಗೆ ಹೆಬ್ಬೆರಳಿನಿಂದ ಒತ್ತಿ ಅಂಚು ಕಟ್ಟುವ ರೀತಿ ಬೂದಿಯ ಕೆಳಗೂ ಅದೇ, ಮೇಲೂ ಅದೇ. ಗೆದ್ದವರ ಬಟ್ಟಲು ಬಂತು, ನಾಣ್ಯ ಬಂತು, ಅಧಿಕಾರ ಬಂತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಊರು ಹೊತ್ತಿ ಉರಿದದ್ದೂ ನಿಜ. ಆದರೆ ಒಲೆಯ ಮುಂದೆ ಕೂತವರು ಬದಲಾಗಲಿಲ್ಲ. ಬದಲಾದದ್ದು ಮಡಕೆಯ ಗಾತ್ರ. ಮೊದಲು ಹತ್ತು ಜನರಿಗೆ ಬೇಯುತ್ತಿದ್ದ ಮಡಕೆ, ಆಮೇಲೆ ನಾಲ್ವರಿಗೆ ಬೇಯುವಷ್ಟಾಯಿತು. ಉಳಿದವರು ಇಲ್ಲೇ ಉಳಿದು, ಕಡಿಮೆ ಉಂಡು, ಆ ಬೂದಿಯ ಮೇಲೆಯೇ ಮತ್ತೆ ಮನೆ ಕಟ್ಟಿಕೊಂಡರು. ಇದನ್ನು ನೋಡಿ ನಾನು ಉಗ್ರಾಣದಲ್ಲಿ ಒಬ್ಬಳೇ ಕೂತು ಅತ್ತೆ. ನೀನು ನಗುವುದಾದರೆ ನಗು.

ಇಷ್ಟಾದರೂ ನಿನ್ನದು ಅವಸರದ ತಪ್ಪು ಎಂದೇ ಅಂದುಕೊಂಡಿದ್ದೆ. ಆದರೆ ಉತ್ಖನನದ ನಾಲ್ಕನೇ ಗುಂಡಿಯ ಗೋಡೆಗೆ ಒಂದು ಮೂಲೆಯಲ್ಲಿ ಮಾತ್ರ ಮರಳಿನ ಚೀಲ ಪೇರಿಸಿದ್ದೀಯ. "ಗೋಡೆ ಕುಸೀಬಾರದು ಅಂತ" ಎಂದೆ. ಉಳಿದ ಮೂರು ಮೂಲೆಗಳಿಗೆ ಕುಸಿಯುವ ಭಯ ಇಲ್ಲವೇ? ನಿನ್ನೆ ಎಲ್ಲರೂ ಊಟಕ್ಕೆ ಹೋದಾಗ ನಾನು ಇಳಿದು ಆ ಚೀಲಗಳನ್ನು ಸರಿಸಿದೆ. ಕರಿಯ ಬೂದಿಯ ಪಟ್ಟಿ, ಅದರ ಮೇಲೆ ಮೆತ್ತಿದ ಗಟ್ಟಿ ನೆಲ, ನೆಲದ ಮೇಲೆ ಒಂದು ಒಲೆ, ಒಲೆಯಲ್ಲಿ ಕೂತಂತೆಯೇ ಉಳಿದ ಮಡಕೆಯ ತಳ. ಹೆಬ್ಬೆರಳಿನ ಅಂಚು ಕಟ್ಟಿದ ಬಾಯಿಯ ಚೂರು ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು. ಒಲೆಯ ಸಮೇತ ಮಡಕೆ ಹೊತ್ತು ತರುವ ಹೆಗ್ಗಣ ಇನ್ನೂ ಹುಟ್ಟಿಲ್ಲ.

ಹಾಗಾದರೆ ನಿನಗೆ ಗೊತ್ತಿತ್ತು. ಸೈಕಲ್ ಕಲಿಸುವಾಗ ಬಿಡುವುದಿಲ್ಲ ಎಂದು ಹೇಳಿ ಕೊನೆಯವರೆಗೂ ಹಿಡಿದುಕೊಂಡು ಓಡಿದವನು ನೀನು. ನಿನ್ನನ್ನು ಸುಳ್ಳ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಆಮೇಲೆ ಇನ್ನೊಂದನ್ನು ಗಮನಿಸಿದೆ. ಚೀಲಕ್ಕೂ ಒಲೆಗೂ ನಡುವೆ ಮೆತ್ತನೆಯ ಬಟ್ಟೆ ಹಾಸಿ, ಸಂದಿಗೆಲ್ಲ ಜರಡಿ ಹಿಡಿದ ಮರಳು ತುಂಬಿದ್ದೀಯ. ಎರಡು ಸಲ ಕರಣೆ ಆಡಿಸಿದ್ದರೆ ಅದು ಪುಡಿಯಾಗಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀನು ಹಾಗೆ ಮಾಡಲಿಲ್ಲ. ಹದಿನೈದು ವರ್ಷ ಹೇಳಿದ ಮಾತನ್ನು ನುಂಗಿಕೊಳ್ಳಲೂ ಆಗದೆ, ಇದನ್ನು ಕೊಲ್ಲಲೂ ಆಗದೆ ಹೊದಿಸಿಟ್ಟಿದ್ದೀಯ.

ಭಾನುವಾರ ಬಾ ಅಣ್ಣ. ಫಲಕ ಸಮಿತಿಯವರೂ ಇರಲಿ, ಕೆಳಬೀದಿಯವರೂ ಇರಲಿ, ಎಲ್ಲರ ಮುಂದೆ ನೀನೇ ಆ ಚೀಲಗಳನ್ನು ತೆಗೆ. ತಪ್ಪು ತಿಳಿದಿದ್ದೆ ಎಂದು ಒಂದು ಮಾತು ಹೇಳು. ಎರಡು ದಿನ ಆಡಿಕೊಳ್ಳುತ್ತಾರೆ, ಅಷ್ಟೇ. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ.

ಇದನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಕಾಗದ ಮಡಿಸುವಾಗ ಒಂದು ಯೋಚನೆ ಬಂತು. ಭಾನುವಾರದ ಬದಲು ಶನಿವಾರವೇ ನೀನೊಬ್ಬನೇ ಕರಣೆ ಹಿಡಿದು ಬಂದರೆ? ಅದಕ್ಕೇ ನಿನ್ನೆ ಗುಂಡಿಯಲ್ಲಿ ತೆಗೆದ ಒಲೆಯ ಫೋಟೋಗಳನ್ನು ಸಮಿತಿಯ ಅಷ್ಟೂ ಜನರಿಗೆ ಈಗಷ್ಟೇ ಕಳಿಸಿದ್ದೇನೆ. ನೀನು ಬಂದು ನಿಜ ಹೇಳುತ್ತೀ ಎಂದು ನಿನ್ನ ತಂಗಿ ನಂಬಿದ್ದಾಳೆ. ಆದರೆ ತನ್ನ ನಂಬಿಕೆಗೆ ಬೇರೆಯವರ ಮನೆಗಳನ್ನು ಅಡವಿಡುವ ಹಕ್ಕು ಅವಳಿಗಿಲ್ಲ.

ಆರೋಗ್ಯ ನೋಡಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನ ಮುಖ ನೋಡುವಷ್ಟು ಪ್ರೀತಿಯನ್ನು ನಿನ್ನಲ್ಲಿ ಉಳಿಸಲಿ.

ಎಂದೆಂದಿಗೂ ನಿನ್ನವಳೇ ಆದ,
ತಂಗಿ