ಪಡುಬಾಗಿಲಿಗೆ ಹಾಕಿದ ತೇಪೆ

ಗಂಗೊಳ್ಳಿ, ಹದಿಮೂರನೆಯ ತಿಂಗಳ ಮೂವತ್ತನಾಲ್ಕನೆಯ ಹಗಲು,
ಕಡಲಗೋಡೆ ಎದ್ದ ಇನ್ನೂರ ಆರನೆಯ ವರ್ಷ

ಹಳೆಯ ತಿರುಳನ್ನು ಬರೆದವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಾವು ತಿಂಗಳುಗಳನ್ನು ಉಬ್ಬರಕ್ಕೆ ಹೊಂದಿಸಿ, ಉಳಿದುಹೋದ ದಿನಗಳನ್ನೆಲ್ಲ ಹದಿಮೂರನೆಯದಕ್ಕೆ ತುರುಕುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ಕಷ್ಟಪಟ್ಟು ಕಲಿತು ಬರೆಯುತ್ತಿದ್ದೇನೆ. ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ನಕ್ಕರೂ ಬೇಸರವಿಲ್ಲ. ಕೋಪ ಮಾತ್ರ ನನ್ನದೇ, ಅದನ್ನು ಯಾರಿಂದಲೂ ಕಲಿತಿಲ್ಲ.

ನಾನು ಪಡುಬಾಗಿಲ ರತ್ನಾವತಿ. ಇಲ್ಲಿ ನಮ್ಮ ಬೀದಿಯನ್ನು ಕಾಯುವ ಬಾಗಿಲೇ ನಮ್ಮ ಮನೆತನದ ಹೆಸರು. ನೀವು ನೋಡಿದ ಗಂಗೊಳ್ಳಿಯ ಜಾಗದಲ್ಲೇ ನಮ್ಮ ಊರಿದೆ, ಆದರೆ ಕಡಲು ಈಗ ನಮಗಿಂತ ಎತ್ತರದಲ್ಲಿದೆ. ಇಳಿತದ ಹೊತ್ತಿಗೆ ಗೋಡೆಯ ಬಾಗಿಲುಗಳು ಮೇಲೇರಿ ದೋಣಿಗಳು ಹೊರಡುತ್ತವೆ, ಉಬ್ಬರಕ್ಕೆ ಮುಂಚೆ ಕೆಳಗಿಳಿಯುತ್ತವೆ. ಮೀನು ಒಣಗುವುದು ಮಾಳಿಗೆಯ ಮೇಲೆ, ಮಕ್ಕಳ ಆಟವೂ ಅಲ್ಲಿಯೇ. ಬಾಗಿಲು ಇಳಿಯುವ ಗಂಟೆ ಬಾರಿಸಿದರೆ ಜಗಳವಾಡುತ್ತಿದ್ದವರೂ ಬಾಯಿ ಮುಚ್ಚುತ್ತಾರೆ. ಅದು ತಳಕ್ಕೆ ಕೂತ ಸದ್ದು ಕೇಳುವ ತನಕ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ಆಮೇಲೆ ಜಗಳ ಮುಂದುವರಿಯುತ್ತದೆ.

ಈ ಬಾಗಿಲುಗಳನ್ನು ನಡೆಸುವ ಯಂತ್ರಗಳ ಒಳಗಿರುವುದು ನಿಮ್ಮ ತಿರುಳು. ಯಂತ್ರದ ಉಳಿದೆಲ್ಲ ಕೆಲಸಗಳಿಗೆ ನೆನಪಿನ ಜಾಗವನ್ನೂ ಸರದಿಯನ್ನೂ ಹಂಚಿಕೊಡುವ ತೀರ ಒಳಗಿನ ಬರವಣಿಗೆಯನ್ನು ನಾವು ಹಾಗೆ ಕರೆಯುತ್ತೇವೆ. ಹೊಸ ತಿರುಳುಗಳು ಬಂದಿವೆ, ಆದರೆ ನಮ್ಮ ಬಾಗಿಲಿನ ಮೋಟಾರುಗಳಿಗೆ ಅವುಗಳ ಗುರುತಿಲ್ಲ. ಆದ್ದರಿಂದ ಹೊಸದರಲ್ಲಿ ಆಗಿರುವ ದುರಸ್ತಿಯನ್ನು ಬಿಡಿಸಿ ತಂದು ಹಳೆಯದರೊಳಗೆ ಹೆಣೆಯಬೇಕು. ಇದಕ್ಕೆ ಹಿನ್ನೇಯ್ಗೆ ಎಂದು ಹೆಸರು. ನಾನು ಮತ್ತು ತೆಂಕಬಾಗಿಲ ಅಕ್ಕಣಿ ಊರಿನ ಹಿನ್ನೇಯ್ಗೆಯವರು. ಈ ಕಸುಬಿಗೆ ಒಂದು ಕಟ್ಟುಪಾಡಿದೆ. ತೇಪೆ ಹಾಕಿದವಳ ಮನೆಯವರು ಮೊದಲ ದೊಡ್ಡ ಉಬ್ಬರವನ್ನು ಆ ಬಾಗಿಲಿನ ಬುಡದ ಮನೆಯಲ್ಲೇ ಕಳೆಯಬೇಕು. ನನ್ನ ಮನೆಯವರೆಂದರೆ ಮಗಳು ಹಂಸಿನಿ ಒಬ್ಬಳೇ. ಮುಂದಿನ ಹಲ್ಲು ಬಿದ್ದು ಇನ್ನೂ ಹುಟ್ಟದ ವಯಸ್ಸು.

ಹೋದ ಹುಣ್ಣಿಮೆಗೆ ಪಡುಬಾಗಿಲು ಉಬ್ಬರದ ನಡುವೆ ತಾನಾಗಿ ಒಂದಿಷ್ಟು ಮೇಲೆದ್ದು ಮತ್ತೆ ಬಿತ್ತು. ಬೀದಿಯಲ್ಲಿ ಸೊಂಟದ ತನಕ ನೀರು. ಯಾರೂ ಸಾಯಲಿಲ್ಲ, ಅದು ನಮ್ಮ ಪುಣ್ಯ. ಕಾರಣ ಹುಡುಕಿದರೆ ನಿಮ್ಮ ತಿರುಳಿನ ಹಳೆಯ ರೋಗ ಸಿಕ್ಕಿತು. ಊಟದ ಪಂಕ್ತಿಯಲ್ಲಿ ಒಬ್ಬ ಇನ್ನೂ ಉಣ್ಣುತ್ತಿರುವಾಗಲೇ ಅವನ ಎಲೆ ಎತ್ತಿ, ಅದೇ ಜಾಗದಲ್ಲಿ ಇನ್ನೊಬ್ಬನಿಗೆ ಬಡಿಸಿದಂತೆ ಇದು. ಮೊದಲಿನವನು ನೋಡದೆ ಕೈಹಾಕಿದರೆ ಬಾಯಿಗೆ ಹೋಗುವುದು ಇನ್ನೊಬ್ಬನ ಅನ್ನ. ಯಂತ್ರವೂ ನೆನಪಿನ ತುಂಡೊಂದನ್ನು ಓದುತ್ತಿರುವಾಗಲೇ ಅದನ್ನು ಎತ್ತಿ ಬೇರೆ ಕೆಲಸಕ್ಕೆ ಕೊಟ್ಟಿತು. ಬಾಗಿಲು ಎಷ್ಟು ಕೆಳಗಿರಬೇಕೆಂಬ ಅಂಕಿ ಇದ್ದಲ್ಲಿ ಮತ್ಯಾವುದೋ ಅಂಕಿ ಬಂದು ಕೂತಿತ್ತು. ನೂರು ಸಲ ಸರಿಯಾಗಿರುತ್ತದೆ, ಇಬ್ಬರ ಹೆಜ್ಜೆ ಒಂದೇ ಗಳಿಗೆಗೆ ಬಿದ್ದ ದಿನ ಕೈಕೊಡುತ್ತದೆ.

ನಿಮ್ಮವರೇ ಇದನ್ನು ಮುಂದೆ ಸರಿಪಡಿಸಿದ್ದರು. ಆ ದುರಸ್ತಿ ನಮ್ಮ ಭಂಡಾರದಲ್ಲಿತ್ತು. ಅದರ ತಲೆಯ ಮೇಲೆ ಬರೆದವರು ಇಟ್ಟ ವಿವರಣೆ ಇಷ್ಟೇ: ಸಣ್ಣ ದುರಸ್ತಿ. ಅದನ್ನು ತಂದು ಹಳೆಯ ತಿರುಳಿಗೆ ಹಚ್ಚಿದೆವು. ಎಲ್ಲಿಯೂ ತಕರಾರಿಲ್ಲದೆ ಅಂಟಿತು, ಒಂದು ಸಾಲೂ ಅತ್ತಿತ್ತ ಮಾಡಬೇಕಾಗಲಿಲ್ಲ. ಹಾಗೆ ಕೂತ ತೇಪೆಗೆ ನಮ್ಮಲ್ಲಿ ಬೆಲ್ಲ ಹಂಚುತ್ತಾರೆ. ನಾವೂ ಹಂಚಿದೆವು. ಬೆಲ್ಲದ ಸಡಗರದಲ್ಲಿ ನಡೆದು ನೋಡುವುದನ್ನು ಬಿಟ್ಟೆವು. ಅಂದರೆ ಯಂತ್ರದೊಳಗಿನ ಕೆಲಸಗಳಾಗಿ ನಾವೇ ನಿಂತು, ಒಂದೊಂದು ಹೆಜ್ಜೆಯನ್ನೂ ನೆಲದ ಮೇಲೆ ಹಿಂದುಮುಂದು ಮಾಡಿ ಇಟ್ಟು ನೋಡುವ ಕೆಲಸ. ಇಷ್ಟು ಚೆನ್ನಾಗಿ ಕೂತದ್ದಕ್ಕೆ ಅದೇಕೆ ಎಂದುಕೊಂಡೆವು.

ಇಂದು ಅಮಾವಾಸ್ಯೆ, ನಡುಹಗಲಿಗೆ ದೊಡ್ಡ ಉಬ್ಬರ. ಬೆಳಿಗ್ಗೆ ಬುಡದ ಮನೆಯಲ್ಲಿ ಗಂಜಿಗೆ ಅಕ್ಕಿ ಹಾಕುತ್ತಿದ್ದೆ. ಅಕ್ಕಣಿ ಬಂದು ಹೊಸಿಲಲ್ಲೇ ನಿಂತಳು.

"ರತ್ನಾ, ಅದ್ ಇಷ್ಟ್ ಸಲೀಸಾಯಿ ಕೂತದ್ದ್ ನಂಗೆ ಸಮ ಕಾಂತಿಲ್ಲೆ. ಒಂದ್ಸಲ ನಡ್ದ್ ಕಾಂಬ."

ಅಂಗಳಕ್ಕಿಳಿದೆವು. ನಾನು ಉಣ್ಣುವವಳು, ಅಕ್ಕಣಿ ಎಲೆ ಎತ್ತುವವಳು. ಹೊಸ ದುರಸ್ತಿಯ ಪ್ರಕಾರ ಎಲೆ ಎತ್ತುವವಳು ಮೊದಲು ಪಂಕ್ತಿಗೆಲ್ಲ ಇರುವ ಒಂದೇ ಬೀಗದ ಕೈ ಹಿಡಿದು, ಉಣ್ಣುವವಳು ಏಳುವ ತನಕ ಕಾಯಬೇಕು. ಅಕ್ಕಣಿ ಬೀಗದ ಕೈ ಹಿಡಿದು ಕಾದಳು. ಹಳೆಯ ತಿರುಳಿನ ಪ್ರಕಾರ ಉಣ್ಣುವವಳು ಏಳಬೇಕಾದರೆ ಅದೇ ಬೀಗದ ಕೈ ಬೇಕು. ನಾನು ಅವಳು ಕೊಡಲೆಂದು ಕಾದೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಅರ್ಥವಾಯಿತು.

ಹಂಸಿನಿ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. "ಅಮ್ಮ, ನೀವಿಬ್ರೂ ಯಾರಿಗೆ ಕಾಯ್ತಾ ಇದ್ರಿ?" ಎಂದಳು.

ಯಂತ್ರದೊಳಗೆ ಇಬ್ಬರೂ ಹೀಗೆ ಕಾಯುವ ಗಳಿಗೆ ಬಂದರೆ ಬಾಗಿಲು ಅರ್ಧಕ್ಕೆ ನಿಂತು, ನಿಂತೇ ಇರುತ್ತದೆ. ನಿಮ್ಮ ಹೊಸ ತಿರುಳಿನಲ್ಲಿ ಏಳುವವಳಿಗೆ ಬೀಗದ ಕೈ ಬೇಡವೆಂದು ಈ ದುರಸ್ತಿಗೂ ಮುಂಚೆ ಯಾರೋ ಬದಲಿಸಿದ್ದರು. ಆ ಬದಲಾವಣೆ ನಮ್ಮ ಹಳೆಯದರಲ್ಲಿಲ್ಲ. ಅದಿಲ್ಲದೆ ಈ ದುರಸ್ತಿ ನಿಲ್ಲುವುದಿಲ್ಲ ಎಂದು ಬರೆದವರಿಗೆ ಗೊತ್ತಿತ್ತು. ಹೇಳಬೇಕಿಲ್ಲದಷ್ಟು ಗೊತ್ತಿದ್ದದ್ದರಿಂದಲೇ ಬರೆಯಲಿಲ್ಲ.

ತೇಪೆ ಕಿತ್ತರೆ ಹಳೆಯ ರೋಗ, ಬಿಟ್ಟರೆ ಹೊಸದು. ಹಂಸಿನಿಯನ್ನು ಅಕ್ಕಣಿಯ ಮನೆಗೆ ಕಳಿಸಲೆಂದು ಅವಳ ಬಟ್ಟೆಯ ಗಂಟು ಕಟ್ಟಿದೆ. ಕಟ್ಟುಪಾಡು ಹಾಳಾಗಲಿ, ನಾನು ತಾಯಿ. ಆದರೆ ಬುಡದ ಮನೆಯಿಂದ ಮಗು ಹೊರಟಿತೆಂದರೆ ಇಡೀ ಬೀದಿಗೆ ಅರ್ಥವಾಗುತ್ತದೆ, ಮಾಳಿಗೆಗೆ ಹೋಗುವ ಕಿರಿದಾದ ಮೆಟ್ಟಿಲಲ್ಲಿ ನೀರು ಬರುವ ಮುಂಚೆಯೇ ಜನ ತುಳಿದುಕೊಂಡು ಸಾಯುತ್ತಾರೆ. ಗಂಟು ಬಿಚ್ಚಿದೆ. ಬಿಚ್ಚುವಾಗ ನಿಮ್ಮನ್ನು ಬೈದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ ಎಂದು ಅಕ್ಕಣಿ ಹೇಳಿದ್ದಾಳೆ.

ಮತ್ತೆ ಅಂಗಳಕ್ಕಿಳಿದೆವು. ಎಲೆ ಎತ್ತುವವಳು ಬೀಗದ ಕೈಯನ್ನು ಕೆಳಗಿಟ್ಟು ಕಾಯಲಿ, ಉಣ್ಣುವವಳು ಎದ್ದ ಮೇಲೆ ಮತ್ತೆ ಹಿಡಿಯಲಿ, ಹಿಡಿದ ಮೇಲೆ ಆ ಎಲೆ ಇನ್ನೂ ಅಲ್ಲೇ ಇದೆಯೇ ಎಂದು ಇನ್ನೊಮ್ಮೆ ನೋಡಲಿ. ಹೊಸ ಅತಿಥಿಯಾಗಿ ಹಂಸಿನಿಯನ್ನೂ ನಿಲ್ಲಿಸಿಕೊಂಡು, ತೋಚಿದ ಎಲ್ಲ ಬಗೆಯಲ್ಲೂ ನಡೆದೆವು. ಯಾರೂ ಯಾರಿಗಾಗಿಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಪರೀಕ್ಷೆಯ ಯಂತ್ರದಲ್ಲಿ ಓಡಿಸಲು ಹೊತ್ತಿರಲಿಲ್ಲ. ಹೆಣೆದು ಮುಗಿಸುವಾಗ ಗಂಟೆ ಬಾರಿಸಿತು.

ಊರು ಬಾಯಿ ಮುಚ್ಚಿತು. ಪಡುಬಾಗಿಲು ಕಿರುಗುಟ್ಟುತ್ತ ಇಳಿಯಿತು, ನಡುವೆ ನಿಂತಿತು. ನಾನು ಹಂಸಿನಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳಿಗೆ ನೋವಾಗಿರಬೇಕು. ಅವಳೂ ಸದ್ದು ಮಾಡಲಿಲ್ಲ. ಆಮೇಲೆ ಬಾಗಿಲು ಮತ್ತೆ ಚಲಿಸಿ ತಳಕ್ಕೆ ಕೂತಿತು. ಯಾಕೆ ನಿಂತಿತೆಂದು ನನಗೆ ಇನ್ನೂ ಗೊತ್ತಿಲ್ಲ. ಎಲೆ ಎತ್ತುವವಳು ಬೀಗದ ಕೈ ಕೆಳಗಿಟ್ಟ ಹೊತ್ತು ಅದೇ ಇರಬಹುದು.

ಇದನ್ನು ಬರೆಯುವಾಗ ಕಡಲು ನಮ್ಮ ತಲೆಯ ಮೇಲಿದೆ, ಮಗಳು ಗಂಜಿ ಉಣ್ಣುತ್ತಿದ್ದಾಳೆ. ಇನ್ನು ಬಡಗುಬಾಗಿಲಿನ ಸರದಿ. ಅದರ ತಿರುಳು ಇದಕ್ಕಿಂತಲೂ ಹಳೆಯದು. ಅದಕ್ಕೆ ಬೇಕಾದ ದುರಸ್ತಿಯನ್ನು ನೀವು ಬಹುಶಃ ಇವತ್ತೇ ಬರೆಯುತ್ತಿದ್ದೀರಿ. ಹೊರಗೆ ಮಧ್ಯಾಹ್ನವಾಗಿರಬಹುದು, ಹಸಿವಾಗಿರಬಹುದು, ಎದ್ದು ಹೋಗುವ ಅವಸರದಲ್ಲಿ ಅದರ ತಲೆಯ ಮೇಲೆ ಸಣ್ಣ ದುರಸ್ತಿ ಎಂದು ಹಾಕುವವರಿದ್ದೀರಿ. ಸ್ವಲ್ಪ ಕೂತುಕೊಳ್ಳಿ. ಇದು ಯಾವುದನ್ನು ನಂಬಿ ನಿಂತಿದೆ ಎಂದು ಇನ್ನೊಂದು ಸಾಲು ಬರೆಯಿರಿ. ಮುಂದಿನ ಅಮಾವಾಸ್ಯೆಗೆ ನನ್ನ ಮಗಳು ಕೂರುವುದು ಆ ಸಾಲಿನ ಬುಡದಲ್ಲಿ.

ಪಡುಬಾಗಿಲ ರತ್ನಾವತಿ