ಒಡಹುಟ್ಟಿದವರಲ್ಲಿ ಇರಬಹುದು

ಕೊಡ್ಲಿಪೇಟೆ
ಮಾರ್ಚ್ 9, 2025

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಲಾರಿ ಓಡಿಸಿ ಬಂದ ಸೊಂಟನೋವು ಕಡಿಮೆಯಾಯಿತೇ? ಅತ್ತಿಗೆ ಚೆನ್ನಾಗಿದ್ದಾರೆಯೇ? ಮಂಗಳೂರಿನ ಸೆಕೆಗೆ ನೀರು ಚೆನ್ನಾಗಿ ಕುಡಿ. ಇಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿಲ್ಲ. ನೀನು ನನ್ನ ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ ಕಾಫಿ ಲೋಡಿನ ಜೊತೆ ಅಲ್ಲಿಗೆ ಹೊರಟಿರುವ ಡ್ರೈವರ್ ಚೋಮನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಜನವರಿ ಕೊನೆಗೆ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಗಡ್ಡೆಯಿತ್ತು. ರಕ್ತ ಹೋಗಿ ಹೋಗಿ, ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದವಳು ಮಿಷನ್ ಮೇಲೆಯೇ ಕುಸಿದೆ. ಪಕ್ಕದ ಅಂಗಡಿಯವರು ಮೈಸೂರಿಗೆ ಸೇರಿಸಿದರು. ಮೊದಲು ರಕ್ತ ಕೊಡಬೇಕು, ಆಮೇಲೆ ಆಪರೇಷನ್ ಎಂದರು. ನನ್ನದು ಓ ಪಾಸಿಟಿವ್ ಎಂದುಕೊಂಡಿದ್ದೆವಲ್ಲ, ನಿನ್ನ ಲೈಸೆನ್ಸಿನಲ್ಲೂ ಹಾಗೇ ಇದೆಯಲ್ಲ. ಆದರೆ ಲ್ಯಾಬಿನಲ್ಲಿ ಯಾವ ಓ ರಕ್ತ ಸೇರಿಸಿ ನೋಡಿದರೂ ಗಂಟುಗಟ್ಟಿತಂತೆ. ಕೊನೆಗೆ ಗೊತ್ತಾಯಿತು, ನನ್ನದು ಬಾಂಬೆ ಗುಂಪು. ಮಾಮೂಲಿ ಪರೀಕ್ಷೆಗೆ ಓ ಎಂದೇ ಕಾಣುತ್ತದೆ. ಓ ರಕ್ತ ಕೊಟ್ಟರೆ ಮಾತ್ರ ಜೀವಕ್ಕೇ ಅಪಾಯ. ಅದೇ ಗುಂಪಿನವರದ್ದೇ ಆಗಬೇಕು, ಅಂಥವರು ಸಿಗುವುದೇ ಅಪರೂಪ.

"ಒಡಹುಟ್ಟಿದವರಲ್ಲಿ ಇರಬಹುದು. ಯಾರಿದ್ದಾರಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು. "ಒಬ್ಬ ಅಣ್ಣ ಅವ್ನೆ" ಎಂದೆ. ಅವರೆದುರೇ ನಿನಗೆ ಫೋನ್ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. "ಗಾಡಿ ಓಡಿಸ್ತಾ ಇರ್ಬೇಕು ಮೇಡಂ" ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ.

ಕೊನೆಗೆ ಆಸ್ಪತ್ರೆಯವರೇ ಹುಡುಕಿ ಕರೆಸಿದರು; ದಾವಣಗೆರೆಯಿಂದ ಶಿವಪ್ರಕಾಶ್ ಎನ್ನುವವರು ಬಸ್ಸು ಹಿಡಿದು ಬಂದು ರಕ್ತ ಕೊಟ್ಟರು. ಹೋಗುವ ಮುಂಚೆ ಮಂಚದ ಹತ್ತಿರ ಬಂದು, "ಹೆದರಬ್ಯಾಡ್ರಿ ಅಕ್ಕಾರ, ನಿಮ್ದೂ ನಂದೂ ಒಂದೇ ರಕ್ತ" ಎಂದರು. ಮುಖ ಪರಿಚಯವಿಲ್ಲದವರ ಬಾಯಲ್ಲಿ ಆ ಮಾತು ಕೇಳಿ ಗೋಡೆ ಕಡೆ ತಿರುಗಿಕೊಂಡು ಅತ್ತುಬಿಟ್ಟೆ. ಡಿಸ್ಚಾರ್ಜ್ ದಿನ ಎಲ್ಲರ ಮನೆಯವರೂ ಬಂದಿದ್ದರು. ನಾನು ಹೊಟ್ಟೆ ಒತ್ತಿ ಹಿಡಿದುಕೊಂಡು ಒಬ್ಬಳೇ ಬಸ್ಸು ಹತ್ತಿದೆ. ಮನೆಗೆ ಬಂದು ಬಾಗಿಲು ತೆಗೆದರೆ, ಹಾಲು ಕಾಯಿಸಲು ಒಲೆಯ ಮುಂದೆ ನಿಲ್ಲುವುದಕ್ಕೂ ಆಗಲಿಲ್ಲ.

ಅವ್ವ ತೀರಿಕೊಂಡ ದಿನ ನೀನು ಗುಜರಾತಿನ ದಾರಿಯಲ್ಲಿದ್ದೆ, ಫೋನ್ ಸಿಗಲಿಲ್ಲ. ಅಣ್ಣ ಬರಲಿ ಎಂದು ನಾನು ದೊಡ್ಡಪ್ಪನ ಕಾಲು ಹಿಡಿದೆ. ಅವರು ಕಾಯದೆ ಮಣ್ಣು ಮಾಡಿಸಿಬಿಟ್ಟರು. ನೀನು ಬಂದವನು "ಇನ್ಮೇಲೆ ನಂಗೆ ತಂಗೀನೂ ಇಲ್ಲ" ಎಂದು ಅಂಗಳದಿಂದಲೇ ಹೊರಟುಹೋದೆ. ಅವ್ವನ ಮುಖ ನೋಡಲಾಗದ ಸಂಕಟ ಅದು, ನನಗೆ ಗೊತ್ತು.

ಊಟದ ಹೊತ್ತು ತಪ್ಪಿಸಬೇಡ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ರಂಜಿತಾ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಚೋಮ ಹಾರನ್ ಹೊಡೆಯುತ್ತಿದ್ದಾನೆ. ನಿಮ್ಮ ಮಂಗಳೂರಿನಲ್ಲೇ ಒಬ್ಬ ಚೊಚ್ಚಲ ಬಸುರಿ ಇದ್ದಾಳೆ ಎಂದು ಮೈಸೂರಿನ ಆಸ್ಪತ್ರೆಯವರು ಹೇಳಿದರು, ನನ್ನದೇ ಗುಂಪು, ಮುಂದಿನ ವಾರ ಸಿಸೇರಿಯನ್. ಶಿವಪ್ರಕಾಶ್ ಇಷ್ಟು ಬೇಗ ಮತ್ತೆ ಕೊಡುವಂತಿಲ್ಲ. ರಕ್ತ ಹಾಕಿಸಿಕೊಂಡ ನನ್ನದನ್ನು ವರ್ಷ ಕಳೆಯದೆ ತೆಗೆಯುವುದಿಲ್ಲ. ನೀನು ಒಮ್ಮೆ ಪರೀಕ್ಷೆ ಮಾಡಿಸು ಅಣ್ಣಾ; ರಸ್ತೆಯ ಮೇಲೆ ಬದುಕುವವನು, ನಿನಗೂ ಗೊತ್ತಿರಬೇಕು. ಅವಳ ಆಸ್ಪತ್ರೆಯ ನಂಬರು ಚೋಮನ ಹತ್ತಿರ ಇದೆ. ಹೊಂದಿದರೆ ಅವಳಿಗೆ ಕೊಡು. ನನಗೆ ಫೋನ್ ಮಾಡದಿದ್ದರೂ ಸರಿ, ಮಗು ಹುಟ್ಟಿದ ಸುದ್ದಿ ಅವರ ಕಡೆಯವರಿಂದ ಕೇಳಿ ತಿಳಿದುಕೊಳ್ಳುತ್ತೇನೆ.