ಪಟ್ಟಿಯಲ್ಲಿ ಬಿಟ್ಟ ಮನೆ

ವಿಮಾನಪುರ,
೩ ನವೆಂಬರ್ ೧೯೭೪, ಭಾನುವಾರ

ಪ್ರೀತಿಯ ಗುರುರಾಜನಿಗೆ,

ನಿನ್ನ ಕೆಮ್ಮು ಹೇಗಿದೆ, ಮೊದಲು ಅದನ್ನು ಬರೆ. ಪುಣೆಯ ಚಳಿಗೆಂದು ನಿನ್ನಮ್ಮ ಸ್ವೆಟರಿನ ಒಂದು ತೋಳು ಹೆಣೆದು ಮುಗಿಸಿದ್ದಾಳೆ. ಇನ್ನೊಂದು ತೋಳು ಬೇಸಿಗೆಯ ಹೊತ್ತಿಗೆ ಆದೀತು. ನನ್ನ ಮಂಡಿನೋವು ಎಂದಿನಂತೆ. ನಿನ್ನಣ್ಣ ಕಿಟ್ಟುವಿಗೆ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ, ಅವನ ಕ್ವಾರ್ಟರ್ಸಿನಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಕ್ಷರ ಮಾತ್ರ ಇನ್ನೂ ಕಾಗೆ ಕಾಲು, ಗುಬ್ಬಿ ಕಾಲು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಾನೆಂದು ರೇಷನ್ ಕಚೇರಿಯಲ್ಲಿ ಹೆಸರು ಮಾಡಿದ ಗುಮಾಸ್ತನ ಮಗನಪ್ಪ ನೀನು. ಸಿನಿಮಾ ಕಲಿಯಲು ಹೋದವನಿಗೆ ಅಕ್ಷರ ಯಾಕೆ ಎನ್ನುತ್ತೀಯೇನೋ.

ನೀನು ಹೇಳಿದಂತೆ ನಿನ್ನ ಗೆಳೆಯ ಅಕ್ತರ್ ಹೋದ ಭಾನುವಾರ ಬೆಳಿಗ್ಗೆ ಸ್ಕೂಟರ್ ತಂದು, ಕಂಟೋನ್ಮೆಂಟಿನ ಫಿಲಂ ಸೊಸೈಟಿಯವರು ತೋರಿಸಿದ ಚಿತ್ರಕ್ಕೆ ಕರೆದೊಯ್ದ. ಹಲಸೂರು ಕೆರೆ ದಾಟುವವರೆಗೂ ನಾನು ಕಣ್ಣು ಬಿಡಲಿಲ್ಲ, ಹಾಗೆ ಓಡಿಸುತ್ತಾನೆ ಮಹಾರಾಯ. ಚಿತ್ರದಲ್ಲಿ ಕಥೆಯಿಲ್ಲ, ಹಾಡಿಲ್ಲ. ಯಾವುದೋ ದೇಶದಲ್ಲಿ ಒಂದು ಜನಾಂಗವನ್ನೇ ಕೊಂದು ಮುಗಿಸಿದವರು ಈಗ ಮುದುಕರಾಗಿ ಕ್ಯಾಮೆರಾದ ಮುಂದೆ ಕೂತು ಮಾತಾಡುತ್ತಾರೆ. ಇವರಿಗೆ ಕೋರೆಹಲ್ಲು ಇರುತ್ತದೆಂದುಕೊಂಡಿದ್ದೆನೇನೋ. ಅವರಲ್ಲೊಬ್ಬ ಮೊಮ್ಮಗಳಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದ. ಅವನೂ ಗುಮಾಸ್ತನಾಗಿದ್ದವನೇ. 'ನಾನು ಹೆಸರು ಬರೆದುಕೊಟ್ಟೆ, ಅಷ್ಟೆ. ಯಾತಕ್ಕೆಂದು ಗೊತ್ತಿರಲಿಲ್ಲ' ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. 'ಸುಳ್ಳ' ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಕ್ತರ್ ನನ್ನ ಕೈ ಹಿಡಿದುಕೊಂಡು, 'ನಿಮ್ಮಂಥೋರು ಅಲ್ಲೊಬ್ರು ಇದ್ದಿದ್ರೆ ಸಾಕಿತ್ತು ಅಂಕಲ್' ಎಂದ. ಆ ಕೈ ಬಿಡಿಸಿಕೊಂಡು ಓಡಿಹೋಗಬೇಕೆನಿಸಿತು.

ನಿನ್ನ ಪರೀಕ್ಷೆಯ ಚಿತ್ರಕ್ಕೆ ನಾನು ಮಾತಾಡಬೇಕು, ನಲವತ್ತೆಂಟರ ಗಲಭೆಯಲ್ಲಿ ಅಕ್ತರನ ತಾಯಿ ಚಾಂದ್ ಬೀಯವರ ಮನೆಯನ್ನು ಹೇಗೆ ಉಳಿಸಿದೆನೆಂದು ಹೇಳಬೇಕು ಎಂದು ಬರೆದಿದ್ದೀಯ. ನಾವಿದ್ದ ಆ ಊರಿನ ಪೇಟೆ ಬೀದಿಯಲ್ಲಿ ಕೊಲೆಗಡುಕರು ನುಗ್ಗದೆ ಬಿಟ್ಟ ಮುಸಲ್ಮಾನರ ಮನೆ ಅದೊಂದೇ, ನಿಜ. ನಾನು ಯಾರ ಕಾಲೋ ಹಿಡಿದು ಉಳಿಸಿದೆನೆಂದು ನಿನ್ನಮ್ಮ ನಂಬಿದ್ದಾಳೆ, ಚಾಂದ್ ಬೀಯೂ ನಂಬಿದ್ದಾರೆ. ಹೋದ ತಿಂಗಳು ರಂಜಾನ್ ಹಬ್ಬಕ್ಕೂ ಶಿವಾಜಿನಗರದಿಂದ ಎರಡು ಬಸ್ಸು ಹತ್ತಿಳಿದು ಶೀರ್‌ಖುರ್ಮಾ ಪಾಯಸ ತಂದಿದ್ದರು. 'ನಿಮ್ಮಿಂದ್ಲೇ ಭಾಯಿ, ನಾವು ಉಳ್ಕೊಂಡಿದ್ದು' ಎಂದು ಇಪ್ಪತ್ತಾರು ವರ್ಷದಿಂದ ಅದೇ ಮಾತು. ಮಡಿ ಮೈಲಿಗೆ ಎಂದು ಪ್ರಾಣ ತಿನ್ನುವ ನಿನ್ನಮ್ಮ ಅದೊಂದಕ್ಕೆ ಮಾತ್ರ ಬೆಳ್ಳಿ ಲೋಟ ತೆಗೆಯುತ್ತಾಳೆ. ಈ ಸಲ ನಾನು ಅರ್ಧ ಲೋಟ ಹಾಗೇ ಬಿಟ್ಟೆ. ಸಕ್ಕರೆ ಜಾಸ್ತಿಯಾಯಿತು ಎಂದೆ. ಮುಂದಿನ ವರ್ಷ ಕಮ್ಮಿ ಹಾಕ್ತೀನಿ ಎಂದರು, ಪಾಪ.

ನಿನ್ನ ಚಿತ್ರದಲ್ಲಿ ಕೂರಲಾರೆ ಎಂದು ತಿಳಿಸಲೆಂದೇ ಈ ಕಾಗದ ಬರೆಯಲು ಕೂತೆ. ಮಂಡಿನೋವಿನ ನೆಪ ಹೇಳೋಣವೆಂದುಕೊಂಡಿದ್ದೆ. ಅದು ನೆಪವೇ ಕಣಪ್ಪ. ನಿಜವಾಗಿ ನನಗೆ ಭಯವಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬೀಡಿ ಸೇದುವವರ ಪಕ್ಕ ಮಲಗಬೇಡ. ನಿನ್ನಮ್ಮನೂ ಕಿಟ್ಟುವೂ ನಿನ್ನನ್ನು ದಿನಾ ನೆನೆಯುತ್ತಾರೆ. ನಿನಗೆ ಒಳ್ಳೆಯದಾಗಲಿ ಎಂದು ಹರಸುವ

ನಿನ್ನ ತಂದೆ,
ಹಯಗ್ರೀವ

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದ್ದೇನೆ. ಗಲಭೆಗೆ ಮೂರು ದಿನ ಮೊದಲು ಕೆಲವರು ಕಚೇರಿಗೆ ಬಂದು ಪೇಟೆ ಬೀದಿಯ ಮುಸಲ್ಮಾನರ ಮನೆಗಳ ಪಟ್ಟಿ ಕೇಳಿದರು. ರೇಷನ್ ರಿಜಿಸ್ಟರ್ ನೋಡಿ ನಾನೇ ಬರೆದುಕೊಟ್ಟೆ, ಮನೆ ನಂಬರು ಸಮೇತ. ಯಾತಕ್ಕೆಂದು ಗೊತ್ತಿರಲಿಲ್ಲವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಆದರೆ ಚಾಂದ್ ಬೀಯವರ ಗಂಡ ನನಗೆ ಬೇಕಾದವರೆಂದು ಅವರ ಮನೆಯೊಂದನ್ನು ಬಿಟ್ಟು ಬರೆದೆ. ಗೊತ್ತಿಲ್ಲದವನು ಯಾಕಪ್ಪಾ ಬಿಡುತ್ತಿದ್ದ? ಕ್ಯಾಮೆರಾ ತೆಗೆದುಕೊಂಡು ಬಾ. ಮೊದಲು ಚಾಂದ್ ಬೀಯವರ ಮುಂದೆ ಹೇಳುತ್ತೇನೆ, ಆಮೇಲೆ ನಿನಗೆ. ಬೀದಿಯಲ್ಲಿ ಇದ್ದದ್ದು ಹತ್ತೊಂಬತ್ತು ಮನೆ. ಬರೆದುಕೊಟ್ಟ ಹದಿನೆಂಟರ ಹೆಸರೂ ನನಗೆ ಇವತ್ತಿಗೂ ಬಾಯಿಪಾಠ.